ಪುಸ್ತದಿಂದ ಗಣಕಕ್ಕೆ: ಅಮೆರಿಕದ ಮಾಯಾಚಿತ್ರಶಾಲೆಗಳೂ ನಮ್ಮ ಕಾಯಕದೃಷ್ಟಿಯೂ

ಇಲ್ಲದುದನ್ನು ಇದ್ದಂತೆ ತೋರಿಸುವ ವಿದ್ಯೆಯನ್ನು ನಮ್ಮ ಪೂರ್ವಿಕರು ಇಂದ್ರಜಾಲವೆಂದು ಕರೆದರು. ಆ ವಿದ್ಯೆ ಇಂದು ಗಣಕಯಂತ್ರದ ಕೈಹಿಡಿದು ಜಗದ್ವ್ಯಾಪಿಯಾದ ಉದ್ಯಮವಾಗಿ ಬೆಳೆದಿದೆ. ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಮೃಗಗಳು ತೆರೆಯ ಮೇಲೆ ಘರ್ಜಿಸುತ್ತವೆ. ಮರದ ಬೊಂಬೆಗಳು ಅಳುತ್ತವೆ, ನಗುತ್ತವೆ. ಇದರ ಮೂಲನೆಲೆ ಅಮೆರಿಕ ದೇಶ. ಆದರೆ ಇದರ ದುಡಿಮೆಯ ಗಣನೀಯ ಪಾಲು ನಮ್ಮ ಬೆಂಗಳೂರಿನಲ್ಲಿ ನಡೆದಿದೆ, ನಡೆಯುತ್ತಲೂ ಇದೆ.

ಭಾಷಾಪಂಡಿತನಿಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಯಾರಾದರೂ ಕೇಳಿಯಾರು. ಗುಂಡ್ಯದ ಕೂಡುರಸ್ತೆಯಲ್ಲಿ ಬೆಂಗಳೂರಿನ ಬಸ್ಸನ್ನೇರಿ ಶಿರಾಡಿ ಘಾಟಿಯನ್ನು ಹತ್ತಿ ಹೋಗುವ ನಮ್ಮ ಕಡೆಯ ತರುಣರಲ್ಲಿ ಕೆಲವರು ಈ ವಿದ್ಯೆಯನ್ನು ಅರಸಿ ಹೋಗುತ್ತಿದ್ದಾರೆ. ಅವರ ತಂದೆತಾಯಿಗಳು ಅಡಕೆಯ ಹಣವನ್ನೋ ಸಾಲದ ಹಣವನ್ನೋ ಶುಲ್ಕಕ್ಕೆ ಕಟ್ಟುತ್ತಾರೆ. ಮಕ್ಕಳು ಹೋಗುವ ದಾರಿಯ ಗುಣದೋಷಗಳನ್ನು ಅರಿಯುವುದು ಅಧ್ಯಾಪಕರಾದವರ ಕರ್ತವ್ಯ. ಆ ಕರ್ತವ್ಯಬುದ್ಧಿಯಿಂದಲೇ ಈ ಲೇಖನ.

ಶಬ್ದವಿಚಾರ

ಮೊದಲು ಹೆಸರನ್ನು ನೋಡೋಣ. ಚಿತ್ರಕ್ಕೆ ಚಲನೆ ಕೊಡುವ ಈ ಕಲೆಗೆ ಪಾಶ್ಚಾತ್ಯರು ‘ಅನಿಮೇಷನ್’ ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್ ಭಾಷೆಯ ‘ಅನಿಮ’ ಎಂಬ ಪದ. ಉಸಿರು, ಜೀವ ಎಂದು ಅದರ ಅರ್ಥ. ಸಂಸ್ಕೃತದಲ್ಲಿ ಉಸಿರಾಡು ಎಂಬರ್ಥದ ‘ಅನ್’ ಧಾತುವಿದೆ. ‘ಪ್ರಾಣ’, ‘ಅಪಾನ’, ‘ಅನಿಲ’ ಮೊದಲಾದ ಶಬ್ದಗಳು ಅದರಿಂದ ಹುಟ್ಟಿದವು. ಲ್ಯಾಟಿನ್ನಿನ ‘ಅನಿಮ’ವೂ ನಮ್ಮ ‘ಪ್ರಾಣ’ವೂ ಒಂದೇ ಮೂಲದ ಕವಲುಗಳೆಂಬುದು ಭಾಷಾಶಾಸ್ತ್ರಜ್ಞರ ಸಿದ್ಧಾಂತ. ಆದುದರಿಂದ ಈ ಕಲೆ ಬರಿಯ ಚಲನೆಯದಲ್ಲ, ಪ್ರಾಣಪ್ರತಿಷ್ಠೆಯದು. ಗಾಳಿಗೆ ಅಲುಗುವ ಬಟ್ಟೆಗೂ ಚಲನೆಯಿದೆ. ಆದರೆ ತಾನಾಗಿ ಯೋಚಿಸಿ ತಿರುಗಿ ನೋಡುವ ಬೊಂಬೆಯಲ್ಲಿ ಮಾತ್ರ ನಾವು ಪ್ರಾಣವನ್ನು ಕಾಣುತ್ತೇವೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆಯೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಶಾಸ್ತ್ರದಲ್ಲಿ ಇದರ ಸ್ಥಾನ

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯವನ್ನು ಹೇಳುವ ಪ್ರಕರಣವೊಂದಿದೆ. ಅಲ್ಲಿ ನೇಪಥ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ: ಪುಸ್ತ, ಅಲಂಕಾರ, ಅಂಗರಚನೆ, ಸಜ್ಜೀವ. ಪುಸ್ತವೆಂದರೆ ಬೆಟ್ಟ, ರಥ, ವಿಮಾನ, ಗುರಾಣಿ ಮುಂತಾದವುಗಳ ಕೃತಕ ಪ್ರತಿಕೃತಿ. ಇದರಲ್ಲಿಯೂ ಚಾಪೆ, ಬಟ್ಟೆ, ತೊಗಲುಗಳನ್ನು ಜೋಡಿಸಿ ಮಾಡುವುದು ಸಂಧಿಮ. ಯಂತ್ರದಿಂದ ಆಡಿಸುವುದು ವ್ಯಾಜಿಮ. ಬಟ್ಟೆ ಸುತ್ತಿ ರೂಪಿಸುವುದು ವೇಷ್ಟಿಮ. ಸಜ್ಜೀವವೆಂಬುದು ನಾಲ್ಕು ಕಾಲಿನ, ಎರಡು ಕಾಲಿನ, ಕಾಲಿಲ್ಲದ ಪ್ರಾಣಿಗಳು ರಂಗಕ್ಕೆ ಬರುವುದು. ಇಂದಿನ ಚಿತ್ರಶಾಲೆಗಳ ವಿಭಾಗಗಳು ಈ ಪಟ್ಟಿಯಿಂದ ಬಹು ದೂರ ಹೋಗಿಲ್ಲ.

ನಮ್ಮ ನೆಲದಲ್ಲಿಯೂ ಇದರ ಪರಂಪರೆ ಗಟ್ಟಿಯಾಗಿದೆ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಗಂಟೆಗಟ್ಟಲೆ ಕುಳಿತು ಮುಖಕ್ಕೆ ಚಿಟ್ಟಿ ಇಡುವುದು ಅಂಗರಚನೆಯ ಪರಾಕಾಷ್ಠೆ. ಬಯಲುಸೀಮೆಯ ತೊಗಲುಗೊಂಬೆಯಾಟದಲ್ಲಿ ಕೈಕಾಲುಗಳನ್ನು ಬೇರೆ ಬೇರೆ ಕತ್ತರಿಸಿ ಕೀಲುಗಳಲ್ಲಿ ಪೋಣಿಸುತ್ತಾರೆ. ದೀಪದ ಮುಂದೆ ಹಿಡಿದ ಆ ತೊಗಲು ಬಣ್ಣದ ನೆರಳಾಗಿ ತೆರೆಯ ಮೇಲೆ ಬದುಕುತ್ತದೆ. ಗಣಕಚಿತ್ರದಲ್ಲಿ ನಡೆಯುವುದೂ ಇದೇ. ಮೊದಲು ಆಕೃತಿ, ಅನಂತರ ಕೀಲುಗಳು, ಆಮೇಲೆ ಚರ್ಮದ ಬಣ್ಣ, ಮತ್ತೆ ಆಟ, ಕಡೆಯಲ್ಲಿ ಬೆಳಕು. ವ್ಯತ್ಯಾಸವಿಷ್ಟೆ: ಇಲ್ಲಿ ತೊಗಲಿಲ್ಲ, ದೀಪವಿಲ್ಲ, ಎರಡನ್ನೂ ಅಂಕೆಗಳಿಂದ ಲೆಕ್ಕಹಾಕಿ ತೋರಿಸುತ್ತಾರೆ.

ಅಮೆರಿಕದಲ್ಲಿ ಬೆಳೆದ ಬಗೆ

ಗಣಕದ ತೆರೆಯ ಮೇಲೆ ಲೇಖನಿ ಹಿಡಿದು ಗೆರೆ ಎಳೆಯಬಹುದೆಂದು ೧೯೬೩ರಲ್ಲಿ ತೋರಿಸಿದವನು ಐವನ್ ಸದರ್ಲೆಂಡ್. ಮುಂದೆ ಆತನೂ ಡೇವಿಡ್ ಇವಾನ್ಸನೂ ಯೂಟಾ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಶಿಷ್ಯಪರಂಪರೆಯೇ ಈ ವಿದ್ಯೆಯ ಗುರುಕುಲವಾಯಿತು. ಅಲ್ಲಿ ಕಲಿತ ಎಡ್ವಿನ್ ಕ್ಯಾಟ್‌ಮಲ್ ಬಾಲ್ಯದಲ್ಲಿ ಚಿತ್ರಕಾರನಾಗಬೇಕೆಂದು ಬಯಸಿದ್ದವನು. ಕೈಗೆ ಆ ಕುಶಲತೆ ಸಾಲದೆಂದು ತಿಳಿದು ಭೌತಶಾಸ್ತ್ರ, ಗಣಕಶಾಸ್ತ್ರಗಳತ್ತ ಹೊರಳಿದವನು. ೧೯೭೨ರಲ್ಲಿ ಆತ ತನ್ನ ಕೈಯ ಆಕಾರವನ್ನೇ ಅಳತೆಮಾಡಿ ಗಣಕದಲ್ಲಿ ಚಲಿಸುವಂತೆ ಮಾಡಿದನು. ಅದು ಈ ಚರಿತ್ರೆಯ ಒಂದು ಮೈಲಿಗಲ್ಲು.

ಇನ್ನೊಂದು ಕವಲು ಚಲನಚಿತ್ರರಂಗದ್ದು. ಜಾರ್ಜ್ ಲೂಕಾಸ್ ‘ಸ್ಟಾರ್ ವಾರ್ಸ್’ ಚಿತ್ರಕ್ಕಾಗಿ ೧೯೭೫ರಲ್ಲಿ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಎಂಬ ಶಾಲೆಯನ್ನು ಉಗ್ರಾಣವೊಂದರಲ್ಲಿ ಆರಂಭಿಸಿದನು. ಅಲ್ಲಿ ಜಾನ್ ಡೈಕ್‌ಸ್ಟ್ರಾ ಮತ್ತು ಸಂಗಡಿಗರು ಕ್ಯಾಮರಾವು ಒಂದೇ ಹಾದಿಯಲ್ಲಿ ಎಷ್ಟು ಸಲ ಬೇಕಾದರೂ ಕೂದಲೆಳೆಯಷ್ಟೂ ತಪ್ಪದೆ ಚಲಿಸುವ ಯಂತ್ರವನ್ನು ರೂಪಿಸಿದರು. ಬೊಂಬೆನೌಕೆಯನ್ನು ಒಮ್ಮೆ, ನಕ್ಷತ್ರಗಳನ್ನು ಒಮ್ಮೆ ಚಿತ್ರೀಕರಿಸಿ ಒಂದರೊಳಗೊಂದು ಕೂಡಿಸುವುದು ಇದರಿಂದ ಸಾಧ್ಯವಾಯಿತು. ೧೯೭೭ರಲ್ಲಿ ಆ ಚಿತ್ರ ಜಗತ್ತನ್ನು ಬೆರಗುಗೊಳಿಸಿತು. ೧೯೭೯ರಲ್ಲಿ ಲೂಕಾಸ್ ಕ್ಯಾಟ್‌ಮಲ್ಲನನ್ನು ಕರೆಸಿಕೊಂಡು ಗಣಕವಿಭಾಗವನ್ನು ತೆರೆದನು. ಎರಡು ಕವಲುಗಳೂ ಒಂದಾದವು. ಗುಂಡ್ಯಹೊಳೆಯನ್ನು ಕೂಡಿಕೊಂಡ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಹಿರಿಹೊಳೆಯಾದಂತೆ.

ಇಲ್ಲಿ ಗಣಿತದ ಮಹಿಮೆಯನ್ನು ತೋರಿಸುವ ಒಂದು ನಿದರ್ಶನವುಂಟು. ಬೆಟ್ಟವೊಂದನ್ನು ಗಣಕದಲ್ಲಿ ಬರೆಯುವುದು ಹೇಗೆ? ಪ್ರತಿಯೊಂದು ಕಲ್ಲನ್ನೂ ಕೈಯಿಂದ ಬರೆಯಲಾಗದು. ಶಿರಾಡಿಯ ಬೆಟ್ಟಸಾಲನ್ನು ದೂರದಿಂದ ನೋಡಿದರೆ ಕಾಣುವ ಏರಿಳಿತವೇ ಸಣ್ಣ ಬಂಡೆಯ ಮೈಯಲ್ಲಿಯೂ ಕಾಣುತ್ತದೆ. ಜರೀಗಿಡದ ಎಲೆಯ ಆಕಾರವೇ ಅದರ ಕಿರುಗರಿಯಲ್ಲಿಯೂ ಇರುತ್ತದೆ. ಮ್ಯಾಂಡಲ್‌ಬ್ರಾಟ್ ಎಂಬ ಗಣಿತಜ್ಞನು ಶಾಸ್ತ್ರೀಯವಾಗಿ ವಿವರಿಸಿದ ಈ ಸ್ವಸಾದೃಶ್ಯವನ್ನು ಲೋರೆನ್ ಕಾರ್ಪೆಂಟರ್ ೧೯೮೦ರಲ್ಲಿ ಬೆಟ್ಟಗಳ ಚಿತ್ರಕ್ಕೆ ಬಳಸಿದನು. ಒಂದು ತ್ರಿಕೋನವನ್ನು ಒಡೆದು, ಒಡೆದ ತುಂಡುಗಳನ್ನು ತುಸು ಏರುಪೇರುಮಾಡಿ ಮತ್ತೆ ಒಡೆಯುತ್ತ ಹೋದರೆ ಪರ್ವತವೇ ಮೈದಳೆಯುತ್ತದೆ. ೧೯೮೨ರ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರದಲ್ಲಿ ನಿರ್ಜೀವ ಗ್ರಹವೊಂದು ಹಸುರಾಗುವ ದೃಶ್ಯ ಹೀಗೆ ರೂಪುಗೊಂಡಿತು.

೧೯೮೬ರಲ್ಲಿ ಸ್ಟೀವ್ ಜಾಬ್ಸ್ ಲೂಕಾಸನ ಗಣಕವಿಭಾಗವನ್ನು ೫೦ ಲಕ್ಷ ಡಾಲರು ಕೊಟ್ಟು ಕೊಂಡನು. ಅದಕ್ಕೆ ಪಿಕ್ಸರ್ ಎಂದು ಹೆಸರಾಯಿತು. ಅದೇ ವರ್ಷ ಜಾನ್ ಲ್ಯಾಸಿಟರ್ ಎಂಬ ಚಿತ್ರಕಾರನು ಎರಡು ಮೇಜುದೀಪಗಳನ್ನು ತಂದೆಮಕ್ಕಳಂತೆ ಆಡಿಸಿದ ‘ಲಕ್ಸೊ ಜೂನಿಯರ್’ ಎಂಬ ಕಿರುಚಿತ್ರ ಬಂತು. ದೀಪಕ್ಕೆ ಕಣ್ಣಿಲ್ಲ, ಬಾಯಿಲ್ಲ; ಆದರೂ ಅದು ನಾಚಿ ತಲೆತಗ್ಗಿಸಿದುದನ್ನು ನೋಡುವವರು ಅರಿತರು. ಪ್ರಾಣಪ್ರತಿಷ್ಠೆಯೆಂದರೆ ಇದು. ಆಮೇಲೆ ಅನೇಕ ವರ್ಷ ಪಿಕ್ಸರ್ ನಷ್ಟದಲ್ಲಿಯೇ ನಡೆಯಿತು. ಜಾಬ್ಸ್ ಒಟ್ಟು ಸುಮಾರು ೫ ಕೋಟಿ ಡಾಲರು ಸುರಿದನು. ೧೯೯೫ರಲ್ಲಿ ಸಂಪೂರ್ಣವಾಗಿ ಗಣಕದಲ್ಲಿಯೇ ರಚಿತವಾದ ಮೊದಲ ಪೂರ್ಣಪ್ರಮಾಣದ ಚಿತ್ರ ‘ಟಾಯ್ ಸ್ಟೋರಿ’ ತೆರೆಕಂಡಿತು. ಸೆಕೆಂಡಿಗೆ ೨೪ ಚಿತ್ರಗಳಂತೆ ಸುಮಾರು ೮೦ ನಿಮಿಷದ ಚಿತ್ರಕ್ಕೆ ಲಕ್ಷಕ್ಕೂ ಮಿಕ್ಕ ಚಿತ್ರಗಳು ಬೇಕು. ಅವುಗಳ ಬೆಳಕುನೆರಳನ್ನು ಗುಣಿಸಲು ೧೧೭ ಗಣಕಗಳು ಹಗಲಿರುಳು ದುಡಿದವು. ೨೦೦೬ರಲ್ಲಿ ಡಿಸ್ನಿ ಸಂಸ್ಥೆ ಪಿಕ್ಸರನ್ನು ೭೪೦ ಕೋಟಿ ಡಾಲರು ಮೌಲ್ಯಕ್ಕೆ ಕೊಂಡಿತು.

ಹೊಸ ವಿದ್ಯೆ ಬಂದಾಗ ಹಳೆಯ ಕುಶಲಿಗಳ ಗತಿಯೇನು? ೧೯೯೩ರ ‘ಜುರಾಸಿಕ್ ಪಾರ್ಕ್’ ಇದಕ್ಕೆ ಬೋಧಪ್ರದವಾದ ಉತ್ತರವನ್ನು ಕೊಟ್ಟಿದೆ. ಆ ಚಿತ್ರದ ಮೃಗಗಳನ್ನು ಮೊದಲು ಫಿಲ್ ಟಿಪ್ಪೆಟ್ ಎಂಬ ಬೊಂಬೆಯಾಟಗಾರನು ಕೈಯಿಂದ ಅಂಗುಲಂಗುಲವಾಗಿ ಆಡಿಸಬೇಕಿತ್ತು. ಗಣಕದ ಮೃಗ ಓಡಿದುದನ್ನು ಕಂಡ ಮೇಲೆ ಆ ಯೋಜನೆ ಕೈಬಿಟ್ಟಿತು. ಆದರೆ ಟಿಪ್ಪೆಟ್ಟನನ್ನು ಕೈಬಿಡಲಿಲ್ಲ. ಮೃಗವು ಹೇಗೆ ಹೆಜ್ಜೆಯಿಡುತ್ತದೆ, ಮೈಭಾರವನ್ನು ಹೇಗೆ ಹೊರುತ್ತದೆ ಎಂಬ ಜ್ಞಾನ ಗಣಕದವರಲ್ಲಿ ಇರಲಿಲ್ಲ, ಆತನ ಬೆರಳುಗಳಲ್ಲಿತ್ತು. ಕೀಲುಗಳಲ್ಲಿ ಸಂವೇದಕಗಳನ್ನಿಟ್ಟ ಬೊಂಬೆಯೊಂದನ್ನು ಸಿದ್ಧಪಡಿಸಿದರು. ಆಟಗಾರರು ಅದನ್ನು ಆಡಿಸಿದಂತೆ ಗಣಕದೊಳಗಿನ ಮೃಗ ಆಡಿತು.

ಕರ್ನಾಟಕದಲ್ಲಿ

ಅಮೆರಿಕದ ಚಿತ್ರಶಾಲೆಗಳು ವೆಚ್ಚ ತಗ್ಗಿಸಲು ದೂರದೇಶಗಳಲ್ಲಿ ಕುಶಲಿಗಳನ್ನು ಅರಸಿದಾಗ ಬೆಂಗಳೂರು ಅವರ ಕಣ್ಣಿಗೆ ಬಿತ್ತು. ಟೆಕ್ನಿಕಲರ್ ಸಂಸ್ಥೆಯು ಬೆಂಗಳೂರಿನ ಪ್ಯಾಪ್ರಿಕಾಸ್ ಸಂಸ್ಥೆಯ ಮೂಲಕ ಇಲ್ಲಿ ನೆಲೆಯೂರಿ, ೨೦೦೮ರಲ್ಲಿ ಡ್ರೀಮ್‌ವರ್ಕ್ಸ್ ಚಿತ್ರಶಾಲೆಗೆಂದೇ ಪ್ರತ್ಯೇಕ ಘಟಕವನ್ನು ಸ್ಥಾಪಿಸುವ ಒಪ್ಪಂದ ಮಾಡಿಕೊಂಡಿತು. ‘ಪುಸ್ ಇನ್ ಬೂಟ್ಸ್’ (೨೦೧೧) ಚಿತ್ರದಲ್ಲಿ ಬೆಂಗಳೂರಿನವರ ಕೈಚಳಕವಿದೆ. ೨೦೧೬ರ ‘ದಿ ಜಂಗಲ್ ಬುಕ್’ ಇನ್ನೂ ಸ್ವಾರಸ್ಯಕರ. ಕಥೆ ಭಾರತದ ಕಾಡಿನದು. ಚಿತ್ರೀಕರಣ ನಡೆದುದು ಲಾಸ್ ಏಂಜಲೀಸ್ ನಗರದ ಚಿತ್ರಾಗಾರದಲ್ಲಿ. ಆ ಕಾಡನ್ನೂ ಮೃಗಗಳನ್ನೂ ಬಹುಮಟ್ಟಿಗೆ ರೂಪಿಸಿದ ಎಂ.ಪಿ.ಸಿ. ಸಂಸ್ಥೆಯ ಕುಶಲಿಗಳಲ್ಲಿ ಬೆಂಗಳೂರಿನವರು ಬಹುಮಂದಿ. ಅದಕ್ಕೆ ದೃಶ್ಯಪರಿಣಾಮಗಳ ಆಸ್ಕರ್ ಪ್ರಶಸ್ತಿ ಬಂತು.

ಕನ್ನಡ ಚಿತ್ರರಂಗವೂ ಹಿಂದೆ ಬೀಳಲಿಲ್ಲ. ೨೦೦೯ರಲ್ಲಿ ನಿಧನರಾದ ವಿಷ್ಣುವರ್ಧನರ ರೂಪವನ್ನು ೨೦೧೬ರ ‘ನಾಗರಹಾವು’ ಚಿತ್ರ ಗಣಕದ ಮೂಲಕ ಮತ್ತೆ ತೆರೆಗೆ ತಂದಿತು. ೨೦೧೮ರ ‘ಕೆ.ಜಿ.ಎಫ್’ ವಿಶೇಷ ಪರಿಣಾಮಗಳಿಗಾಗಿ ರಾಷ್ಟ್ರಪ್ರಶಸ್ತಿಯಲ್ಲಿ ಪಾಲು ಪಡೆಯಿತು. ಕರ್ನಾಟಕ ಸರ್ಕಾರ ಈ ಉದ್ಯಮಕ್ಕೆಂದೇ ೨೦೧೨ರಲ್ಲಿ ನೀತಿಯನ್ನು ಪ್ರಕಟಿಸಿ, ೨೦೨೪ರಲ್ಲಿ ಅದನ್ನು ನವೀಕರಿಸಿತು.

ಬೆಳಕಿನ ಹಿಂದಣ ಕತ್ತಲೆ

ಇಷ್ಟೇ ಹೇಳಿ ಮುಗಿಸಿದರೆ ಅರ್ಧಸತ್ಯವನ್ನು ಹೇಳಿದಂತಾದೀತು. ೨೦೧೩ರ ಫೆಬ್ರುವರಿಯಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು; ಅದೇ ತಿಂಗಳು ಆ ಹುಲಿಗೆ ಆಸ್ಕರ್ ಬಂತು. ಒಳಗೆ ಪ್ರಶಸ್ತಿಪ್ರದಾನ ನಡೆಯುತ್ತಿರಲು ಹೊರಗೆ ಬೀದಿಯಲ್ಲಿ ಕುಶಲಿಗಳು ಪ್ರತಿಭಟಿಸುತ್ತಿದ್ದರು. ಕಾರಣ ಸ್ಪಷ್ಟವಾಗಿದೆ. ಕೆಲಸವನ್ನು ಮೊದಲೇ ನಿಶ್ಚಿತ ಮೊತ್ತಕ್ಕೆ ಗುತ್ತಿಗೆ ಹಿಡಿಯಬೇಕು. ಆಮೇಲೆ ನಿರ್ದೇಶಕರು ಎಷ್ಟು ಸಲ ತಿದ್ದಿಸಿದರೂ ಹೆಚ್ಚಿನ ಭಾರ ಚಿತ್ರಶಾಲೆಯದೇ. ಪೈಪೋಟಿಯಿಂದ ಬೆಲೆ ಇಳಿಯುತ್ತದೆ, ಗಡುವು ಬಿಗಿಯಾಗುತ್ತದೆ. ೨೦೨೫ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಮೂಹವೇ ಕುಸಿದಾಗ ಬೆಂಗಳೂರು, ಮುಂಬಯಿಗಳಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಮಾತಿನಿಂದಲೇ ಚಿತ್ರ ಬರೆಸುವ ಕೃತಕಬುದ್ಧಿಯ ಯಂತ್ರಗಳು ಬಂದಿರುವುದು ಈ ಕಳವಳವನ್ನು ಇನ್ನಷ್ಟು ಹೆಚ್ಚಿಸಿದೆ.

ಶರಣರ ದೃಷ್ಟಿಯಿಂದ ಇದನ್ನು ಪರಿಭಾವಿಸಬೇಕು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ: ಇವರ ಹೆಸರಿನೊಡನೆ ಕಾಯಕವು ಬೆಸೆದುಕೊಂಡಿದೆ. ಕಾಯಕವೇ ಅವರ ಬಿರುದು. ಈ ಚಿತ್ರಗಳ ಕೊನೆಯಲ್ಲಾದರೋ ಕುಶಲಿಗಳ ಹೆಸರು ಇರುವೆಸಾಲಿನಂತೆ ಏರಿ ಹೋಗುತ್ತದೆ. ಅಷ್ಟರಲ್ಲಿ ಪ್ರೇಕ್ಷಕರು ಎದ್ದು ಬಾಗಿಲು ಸೇರಿರುತ್ತಾರೆ. ಎಷ್ಟೋ ಮಂದಿಗೆ ಆ ಸಾಲಿನಲ್ಲಿಯೂ ಎಡೆ ಸಿಗುವುದಿಲ್ಲ. ದುಡಿದವನ ಹೆಸರೂ ಅನ್ನವೂ ಭದ್ರವಾಗಿಲ್ಲದ ದುಡಿಮೆ ಎಷ್ಟೇ ಬೆಡಗಿನದಾದರೂ ಕಾಯಕದ ಪದವಿಗೆ ಏರಲಾರದು. ದೋಷ ವಿದ್ಯೆಯದಲ್ಲ, ವಿದ್ಯೆಯನ್ನು ಸರಕಾಗಿ ಕೊಳ್ಳುವ ಕ್ರಮದ್ದು.

ನಮಗೆ ಪಾಠ

ಈ ಚರಿತ್ರೆಯಿಂದ ನಮ್ಮ ವಿದ್ಯಾಸಂಸ್ಥೆಗಳು ಗ್ರಹಿಸಬೇಕಾದ ಅಂಶಗಳು ಮೂರು.

ಒಂದನೆಯದು ಅಧ್ಯಾಪಕರಿಗೆ. ಚಿತ್ರ ಬರೆಯಬಲ್ಲವನೂ ಗಣಿತ ಬಲ್ಲವನೂ ಒಂದೇ ಸೂರಿನಡಿ ಕುಳಿತುದರಿಂದ ಈ ವಿದ್ಯೆ ಹುಟ್ಟಿತು. ನಾವಾದರೋ ಚಿತ್ರಕಲೆಯ ಗಂಟೆಯನ್ನು ಗಣಿತದ ಹೆಚ್ಚಿನ ತರಗತಿಗೆ ಬಿಟ್ಟುಕೊಡುತ್ತೇವೆ. ಬೆಟ್ಟದ ಬುಡದಲ್ಲಿಯೇ ಕುಳಿತ ಬಾಲಕನಿಗೆ ಬೆಟ್ಟವನ್ನು ನೋಡಲು ಕಲಿಸುವುದಿಲ್ಲ. ಇಂದು ಕಲಿತ ಯಂತ್ರಸಾಧನ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ನೋಡುವ ಕಣ್ಣು, ಕಥೆ ಹೇಳುವ ನಾಲಗೆ, ಎಣಿಸುವ ಬುದ್ಧಿ ಹಳತಾಗುವುದಿಲ್ಲ. ಟಿಪ್ಪೆಟ್ಟನನ್ನು ಉಳಿಸಿದುದು ಅಂತಹ ಮೂಲಜ್ಞಾನವೇ.

ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ. ಈ ಕ್ಷೇತ್ರವನ್ನು ಬಲ್ಲವರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು ಅಲ್ಲಿಯ ಸಂಬಳ, ಗಡುವು, ರಾತ್ರಿದುಡಿಮೆ, ಅಭದ್ರತೆಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಬಣ್ಣದ ಜಾಹೀರಾತನ್ನು ನಂಬಿ ತೋಟ ಅಡವಿಡುವ ತಂದೆಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮೂರನೆಯದು ದಾನಿಗಳಿಗೆ. ಪಿಕ್ಸರ್ ಒಂದೇ ವರ್ಷದಲ್ಲಿ ಫಲ ಕೊಡಲಿಲ್ಲ. ೧೯೮೬ರಿಂದ ೧೯೯೫ರ ವರೆಗೆ ಯಾರೋ ಒಬ್ಬರು ತಾಳ್ಮೆಯಿಂದ ಪೋಷಿಸಿದರು. ಅಲ್ಲಿ ಲಾಭದ ನಿರೀಕ್ಷೆಯಿತ್ತು. ನಮ್ಮ ದಾಸೋಹಕ್ಕೆ ಅದೂ ಬೇಕಿಲ್ಲ, ತಾಳ್ಮೆ ಮಾತ್ರ ಬೇಕು. ಕಟ್ಟಡಕ್ಕೆ ಕಲ್ಲು ಕೊಟ್ಟ ಕೈಗಳು ಒಬ್ಬ ಚಿತ್ರಕಲಾ ಅಧ್ಯಾಪಕರ ವೇತನಕ್ಕೂ, ಕಾಗದ ಬಣ್ಣಗಳಿಗೂ, ನಾಲ್ಕು ಗಣಕಗಳಿಗೂ ನೆರವಾದರೆ ಅದರ ಫಲ ಹತ್ತು ವರ್ಷದ ಮೇಲೆ ಕಂಡೀತು.

ಲೋಕವು ತೋರಿಕೆಯೆಂದು ತಿಳಿದೂ ಲೋಕದಲ್ಲಿ ನಿಷ್ಠೆಯಿಂದ ದುಡಿದವರು ಶರಣರು. ತೋರಿಕೆಯನ್ನೇ ಕಸುಬಾಗಿ ಹಿಡಿಯಹೊರಟ ನಮ್ಮ ಮಕ್ಕಳಿಗೆ ಆ ಎಚ್ಚರವನ್ನೂ ಆ ನಿಷ್ಠೆಯನ್ನೂ ಕೊಟ್ಟು ಕಳುಹಿಸೋಣ. ಅವರು ರಚಿಸುವುದು ಮಾಯೆಯಾದರೂ ರಚಿಸುವ ಕೈಗಳ ದುಡಿಮೆ ಸತ್ಯವಾಗಿರಲಿ.