ಬಾಟಲಿಗೆ ಸಕ್ಕರೆ ಸುರಿಯುವ ಮುನ್ನ

ಪ್ರಶ್ನೆ: ನಾನು ಮ್ಯಾಂಚೆಸ್ಟರಿನಲ್ಲಿದ್ದೇನೆ. ಅಂಗಡಿಯಿಂದ ಕಿಟ್ ತಂದು ಮನೆಯಲ್ಲೇ 23 ಲೀಟರ್ ಬಿಯರ್ ಮಾಡಿದೆ. 1.7 ಕಿಲೋ ಮಾಲ್ಟ್ ಸಾರದ ಒಂದು ಡಬ್ಬಿ, ಜೊತೆಗೆ 1 ಕಿಲೋ ಗ್ಲೂಕೋಸ್ ಸಕ್ಕರೆ. ಹುದುಗು ನಿಂತಿದೆ, ಹೈಡ್ರೋಮೀಟರ್ 1.008 ತೋರಿಸುತ್ತಿದೆ. ಶುರುವಿನಲ್ಲಿ ಅಳೆಯಲು ಮರೆತೆ. ಇದರಲ್ಲಿ ಆಲ್ಕೋಹಾಲ್ ಎಷ್ಟು? ಕುಡಿದರೆ ಸಪ್ಪೆ. ಬಾಟಲಿಗೆ ತುಂಬುವಾಗ ಸಕ್ಕರೆ ಹೆಚ್ಚು ಹಾಕಿ ಶೇ. 6ಕ್ಕೆ ಏರಿಸು ಅನ್ನುತ್ತಾನೆ ಗೆಳೆಯ. ಹಾಕಲೇ? 0ಯಿಂದ 100ರವರೆಗೆ ಗುರುತಿರುವ ಆಲ್ಕೋಹಾಲ್ ಮೀಟರ್ ಕೊಳ್ಳಲೇ? ಮೈಸೂರಿಗೆ ಬಂದಾಗ ಅಪ್ಪನಿಗೂ ಮಾಡಿಕೊಡುವ ಆಸೆಯಿದೆ.

ಉತ್ತರ: ಗೆಳೆಯರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಗಾಜು ಸಿಡಿಯುವ ಅಪಾಯವಿದೆ. ಬಾಟಲಿಗೆ ತುಂಬುವಾಗ ಲೀಟರಿಗೆ 5ರಿಂದ 7 ಗ್ರಾಂ ಸಕ್ಕರೆ ಹಾಕುವುದು ವಾಡಿಕೆ. ಉಳಿದ ಯೀಸ್ಟ್ ಅದನ್ನು ತಿಂದು ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿಯಿಲ್ಲದೆ ಬಿಯರಿನಲ್ಲೇ ಕರಗುತ್ತದೆ. ನೊರೆ, ಗುಳ್ಳೆ ಬರುವುದು ಅದರಿಂದಲೇ. ಆಲ್ಕೋಹಾಲನ್ನು ಶೇ. 1ರಷ್ಟು ಏರಿಸಲು ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. ಶೇ. 4ರ ಆಸುಪಾಸಿನ ಬಿಯರನ್ನು 6ಕ್ಕೆ ಒಯ್ಯಬೇಕಾದರೆ ಲೀಟರಿಗೆ 35 ಗ್ರಾಂ, ಎಂದರೆ ವಾಡಿಕೆಯ ಐದಾರು ಪಟ್ಟು. ಅಷ್ಟು ಅನಿಲದ ಒತ್ತಡಕ್ಕೆ ಬಿಯರ್ ಬಾಟಲಿಗಳನ್ನು ಮಾಡಿಲ್ಲ. ನಡುರಾತ್ರಿ ಅಲಮಾರಿಯಲ್ಲಿ ಒಂದು ಬಾಟಲಿ ಸಿಡಿದರೆ ಪಕ್ಕದ ನಾಲ್ಕೂ ಒಡೆಯುತ್ತವೆ. ಖಂಡಿತ ಹಾಕಬೇಡಿ. ಹುದುಗು ನಿಂತಿದೆ ಎಂದಿದ್ದೀರಿ. ಎರಡು ಮೂರು ದಿನ ಬಿಟ್ಟು ಅಳೆದಾಗಲೂ ಅದೇ 1.008 ಬಂದರೆ ಮಾತ್ರ ನಿಂತಿದೆ ಎನ್ನಿ. ಗುಳ್ಳೆ ಕಾಣದಿರುವುದು ಪುರಾವೆಯಲ್ಲ.

ಇನ್ನು ಅಳತೆ. ಊರಿನ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಡುವುದನ್ನು ನೋಡಿರುತ್ತೀರಿ. ನಿಮ್ಮ ಕೈಯಲ್ಲಿರುವುದೂ ಅದೇ ಜಾತಿಯ ಸಾಧನ. ದ್ರವ ನೀರಿಗಿಂತ ಎಷ್ಟು ಭಾರ ಎಂಬುದಷ್ಟೇ ಅದಕ್ಕೆ ಗೊತ್ತು. ಮಾಲ್ಟಿನ ಸಿಹಿನೀರಿನಲ್ಲಿ, ಅಂದರೆ ವರ್ಟ್‌ನಲ್ಲಿ, ಸಕ್ಕರೆ ಕರಗಿರುವುದರಿಂದ ಅದು ನೀರಿಗಿಂತ ಭಾರ. ಯೀಸ್ಟ್ 180 ಗ್ರಾಂ ಗ್ಲೂಕೋಸ್ ತಿಂದರೆ ಹೆಚ್ಚುಕಡಿಮೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಅರ್ಧದಷ್ಟು ತೂಕ ಗಾಳಿಗೆ ಹೋಯಿತು. ಉಳಿದ ಆಲ್ಕೋಹಾಲೂ ನೀರಿಗಿಂತ ಹಗುರ. ಹಾಗಾಗಿ ಸಾಂದ್ರತೆ ಇಳಿಯುತ್ತದೆ. ಹೈಡ್ರೋಮೀಟರ್ ಆಲ್ಕೋಹಾಲನ್ನು ಅಳೆಯುವುದೇ ಇಲ್ಲ, ಕಾಣೆಯಾದ ಸಕ್ಕರೆಗೆ ಸಾಕ್ಷಿ ಹೇಳುತ್ತದೆ. ಮೊದಲೆಷ್ಟಿತ್ತು ಎಂದು ತಿಳಿಯದೆ ಈಗಿನ 1.008 ಒಂದರಿಂದಲೇ ಏನೂ ಹೇಳಲಾಗದು.

ಆದರೂ ಮರೆತದ್ದಕ್ಕೆ ಕೊರಗಬೇಕಿಲ್ಲ. ಕಿಟ್‌ನ ವಿಷಯದಲ್ಲಿ ಅಳತೆಗಿಂತ ಲೆಕ್ಕವೇ ಹೆಚ್ಚು ನಂಬಿಕಸ್ತ. ಡಬ್ಬಿಯ ಸಾರವನ್ನು ಬಿಸಿನೀರಿನಲ್ಲಿ ಕರಗಿಸಿ ಮೇಲೆ ತಣ್ಣೀರು ಸುರಿಯುತ್ತೇವಲ್ಲ, ಅದು ಚೆನ್ನಾಗಿ ಬೆರೆಯದೆ ಮೇಲೊಂದು ಅಳತೆ, ಕೆಳಗೊಂದು ಅಳತೆ ಬರುವುದುಂಟು. ಒಂದು ಕಿಲೋ ಮಾಲ್ಟ್ ಸಾರ ಲೀಟರಿನ ಲೆಕ್ಕದಲ್ಲಿ ಸುಮಾರು 300 ಪಾಯಿಂಟ್ ಕೊಡುತ್ತದೆ, ಒಂದು ಕಿಲೋ ಗ್ಲೂಕೋಸ್ ಸುಮಾರು 350. ಪಾಯಿಂಟ್ ಎಂದರೆ 1.0 ಆದ ಮೇಲಿನ ಅಂಕಿ: 1.037 ಎಂದರೆ 37. ನಿಮ್ಮಲ್ಲಿ 510 ಮತ್ತು 350, ಒಟ್ಟು 860. ಅದನ್ನು 23 ಲೀಟರಿಗೆ ಹಂಚಿದರೆ 37. ಅಲ್ಲಿಂದ 8ಕ್ಕೆ ಇಳಿದಿದೆ, ವ್ಯತ್ಯಾಸ 29. ಪ್ರತಿ ಪಾಯಿಂಟಿಗೆ 0.131ರಂತೆ ಶೇ. 3.8. ಬಾಟಲಿಯ ಸಕ್ಕರೆ ಇನ್ನೊಂದು 0.3 ಸೇರಿಸುತ್ತದೆ. ನಿಮ್ಮ ಬಿಯರ್ ಶೇ. 4ರದು ಎಂದುಕೊಳ್ಳಿ. ಈ 0.131ರ ಸೂತ್ರ ಶೇ. 7-8 ದಾಟಿದ ಮೇಲೆ ಸ್ವಲ್ಪ ಕಡಿಮೆ ಹೇಳುತ್ತದೆ. ಅದರ ಕೆಳಗೆ ಮನೆಯ ಮಟ್ಟಿಗೆ ಸಾಕು.

ಬ್ರಿಟನ್ನಿನ ಸರ್ಕಾರವೇ ನೂರಕ್ಕೂ ಹೆಚ್ಚು ವರ್ಷ ಹುದುಗುವ ಮೊದಲಿನ ಈ ಅಂಕಿಯನ್ನೇ ನಂಬಿಕೊಂಡಿತ್ತು. 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ಮಾಲ್ಟಿನ ಮೇಲಿನ ತೆರಿಗೆ ತೆಗೆದು ವರ್ಟ್‌ನ ಸಾಂದ್ರತೆಯ ಮೇಲೆ ತೆರಿಗೆ ಹಾಕಿದರು. ತಯಾರಾದ ಬಿಯರಿನ ಆಲ್ಕೋಹಾಲನ್ನೇ ನೋಡಿ ತೆರಿಗೆ ಹಾಕುವ ಪದ್ಧತಿ ಬಂದದ್ದು 1993ರಲ್ಲಿ. ಮನೆಯಲ್ಲಿ ಬಿಯರ್ ಮಾಡಲು ಬೇಕಿದ್ದ ಲೈಸೆನ್ಸನ್ನು 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ರದ್ದು ಮಾಡಿದರು. ನಿಮ್ಮ ಕಿಟ್ ಅಂಗಡಿಗಳು ಹುಟ್ಟಿದ್ದೇ ಆಮೇಲೆ. ಮಾರುವುದಕ್ಕೆ ಮಾತ್ರ ಇಂದಿಗೂ ಅನುಮತಿಯಿಲ್ಲ.

0-100ರ ಮೀಟರ್ ಬೇಡ. ಅದು ಬಟ್ಟಿ ಇಳಿಸಿದ ಮದ್ಯಕ್ಕೆ, ಬರೀ ನೀರು ಮತ್ತು ಆಲ್ಕೋಹಾಲ್ ಇರುವಲ್ಲಿಗೆ. ನಿಮ್ಮ ಬಿಯರಿನಲ್ಲಿ ಸಕ್ಕರೆಯ ಅಂಶ ಉಳಿದಿರುವುದರಿಂದ ಅದು ಈಗಲೂ ನೀರಿಗಿಂತ ಭಾರ. ಆ ಮೀಟರ್ ಸೊನ್ನೆಯವರೆಗೂ ಮುಳುಗದು. (ಆ ಕಡೆಯ ಅಳತೆಗಳಲ್ಲಿ ಒಂದು ತಮಾಷೆಯಿದೆ. ನಮ್ಮ ಊರಿನ ವಿಸ್ಕಿ, ರಮ್ ಬಾಟಲಿಗಳ ಮೇಲೆ 42.8 ಎಂಬ ವಿಚಿತ್ರ ಅಂಕಿ ಯಾಕೆ ಗೊತ್ತೇ? ಬ್ರಿಟಿಷರ ಹಳೆಯ 'ಪ್ರೂಫ್' ಎಂದರೆ ಶೇ. 57.1. ಅದರ ಮುಕ್ಕಾಲು ಭಾಗ 42.8. ಸಾಹೇಬರು ಹೋದರೂ ಅವರ ಮುಕ್ಕಾಲು ಉಳಿದಿದೆ.)

ಲೆಕ್ಕವನ್ನು ತಾಳೆ ನೋಡುವ ಹಟವಿದ್ದರೆ ಒಂದು ಉಪಾಯ. ಕಾಲು ಲೀಟರ್ ಬಿಯರನ್ನು ಎರಡು ಲೋಟಗಳ ನಡುವೆ ಎತ್ತಿ ಸುರಿದು ಗುಳ್ಳೆ ಪೂರ್ತಿ ಹೋಗಿಸಿ, ಅಳೆಯಿರಿ. ಗುಳ್ಳೆ ಅಂಟಿಕೊಂಡರೆ ಮಾಪಕವನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತದೆ. ಬಳಿಕ ಅಷ್ಟನ್ನೂ ಅರ್ಧಕ್ಕೆ ಕುದಿಸಿದರೆ ಆಲ್ಕೋಹಾಲ್ ಹಾರಿಹೋಗುತ್ತದೆ. ಆರಿಸಿ, ಡಿಸ್ಟಿಲ್ಡ್ ನೀರು ಸೇರಿಸಿ ಮೊದಲಿನಷ್ಟೇ ಪ್ರಮಾಣಕ್ಕೆ ತಂದು, ಮೊದಲಿನಷ್ಟೇ ಉಷ್ಣತೆಯಲ್ಲಿ ಮತ್ತೆ ಅಳೆಯಿರಿ. ಈಗ ಅಂಕಿ ಮೇಲೇರಿರುತ್ತದೆ. ಶೇ. 5ರ ಬಿಯರಾದರೆ ಸುಮಾರು 7 ಪಾಯಿಂಟ್. ಆದರೆ ಒಂದೇ ಪಾಯಿಂಟ್ ತಪ್ಪಿ ಓದಿದರೂ ಉತ್ತರ ಶೇ. 0.7ರಷ್ಟು ಆಚೀಚೆ ಆಗುತ್ತದೆ. ನನ್ನನ್ನು ಕೇಳಿದರೆ ಮೇಲಿನ ಗುಣಾಕಾರ, ಭಾಗಾಕಾರವೇ ವಾಸಿ.

ಈಗ ನಿಮ್ಮ ನಿಜವಾದ ದೂರಿಗೆ ಬರೋಣ: ಸಪ್ಪೆ. ಅದು ಆಲ್ಕೋಹಾಲಿನ ಕೊರತೆಯಲ್ಲ, ಮಾಲ್ಟಿನ ಕೊರತೆ. ಗ್ಲೂಕೋಸನ್ನು ಯೀಸ್ಟ್ ಒಂದಿಷ್ಟೂ ಬಿಡದೆ ತಿನ್ನುತ್ತದೆ, ಆಲ್ಕೋಹಾಲ್ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮಾಲ್ಟಿನಲ್ಲಿ ಯೀಸ್ಟಿಗೆ ಜೀರ್ಣವಾಗದ ಡೆಕ್ಸ್‌ಟ್ರಿನ್‌ಗಳಿರುತ್ತವೆ. ಬಾಯಿಗೆ ತುಂಬು ಎನಿಸುವುದು ಅವುಗಳಿಂದಲೇ. ಇದೇ ಬಿಯರನ್ನು ಸಕ್ಕರೆಯಿಂದ ಶೇ. 6ಕ್ಕೆ ಏರಿಸಿದ್ದರೆ ಅಮಲು ಹೆಚ್ಚುತ್ತಿತ್ತು, ಸಪ್ಪೆ ಹಾಗೇ ಉಳಿಯುತ್ತಿತ್ತು. ಮುಂದಿನ ಬಾರಿ ಆ ಒಂದು ಕಿಲೋ ಸಕ್ಕರೆಯ ಬದಲು ಒಂದು ಕಿಲೋ ಒಣ ಮಾಲ್ಟ್ ಪುಡಿ ಹಾಕಿ ನೋಡಿ. ಆರಂಭದ ಅಂಕಿ 1.038ರ ಹತ್ತಿರವೇ ನಿಲ್ಲುತ್ತದೆ, ಆಲ್ಕೋಹಾಲ್ ಕೂದಲೆಳೆ ಕಡಿಮೆಯೇ ಆಗಬಹುದು, ರುಚಿ ಮಾತ್ರ ಬೇರೆಯೇ. ನೀರನ್ನು 23ರ ಬದಲು 20 ಲೀಟರಿಗೆ ನಿಲ್ಲಿಸಿದರೆ 1.044 ಸಿಗುತ್ತದೆ. ಹೊಸದಾಗಿ ಏನನ್ನೂ ಕೊಳ್ಳದೆ ಬಿಯರಿನ ಬಲ ಏರಿಸುವ ದಾರಿ ಇದು.

ಶೇ. 6 ಬೇಕೇ ಬೇಕೆಂದರೆ ಎರಡು ಡಬ್ಬಿ, ಒಂದು ಕಿಲೋ ಸಕ್ಕರೆ, 23 ಲೀಟರ್. 1.060ರಿಂದ ಹೊರಟು 1.012ಕ್ಕೆ ನಿಂತರೆ ಶೇ. 6.3. ಎರಡನೆಯ ಡಬ್ಬಿ ಹಾಪ್ಸ್ ಸೇರದ ಬರೀ ಮಾಲ್ಟ್ ಸಾರವಾಗಿರಲಿ, ಇಲ್ಲದಿದ್ದರೆ ಕಹಿ ದುಪ್ಪಟ್ಟಾಗುತ್ತದೆ. ಬೆಲ್ಜಿಯಮ್ಮಿನ ಗಟ್ಟಿ ಬಿಯರಾದ ಟ್ರಿಪೆಲ್‌ಗಳಲ್ಲಿ ಸಕ್ಕರೆ ಹಾಕುವುದು ನಿಜ, ಆದರೆ ಅವುಗಳ ಅಡಿಯಲ್ಲಿ ಸಾಕಷ್ಟು ಮಾಲ್ಟ್ ಇರುತ್ತದೆ. ನಿಮ್ಮ ಡಬ್ಬಿಯಲ್ಲಿ ಇಲ್ಲದ್ದು ಅದೇ.

ಬಲ ಹೆಚ್ಚಾಗಿಬಿಟ್ಟರೆ ಇಳಿಸುವ ಲೆಕ್ಕವೂ ಇದೇ. 1.060ರ 18 ಲೀಟರ್ ಎಂದರೆ 1080 ಪಾಯಿಂಟ್. 1.050 ಬೇಕಾದರೆ 21.6 ಲೀಟರ್ ಆಗಬೇಕು, ಎಂದರೆ ಕುದಿಸಿ ಆರಿಸಿದ 3.6 ಲೀಟರ್ ನೀರು. ಯೀಸ್ಟ್ ಹಾಕುವ ಮೊದಲೇ ಬೆರೆಸಿಬಿಡಿ. ಹುದುಗಿದ ಮೇಲೆ ಬೆರೆಸಿದರೆ ನೀರಿನ ಜೊತೆ ಆಮ್ಲಜನಕವೂ ಹೊಕ್ಕು ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಕಾರ್ಖಾನೆಗಳು ಹಾಗೆ ಬೆರೆಸುವುದುಂಟು, ಆದರೆ ಆಮ್ಲಜನಕ ತೆಗೆದ ನೀರಿನಿಂದ. ಯೀಸ್ಟ್ ಹಾಕುವ ಮೊದಲಿನ ಅರ್ಧ ಗಂಟೆಯಲ್ಲೇ ಚೆನ್ನಾಗಿ ಕಲಕಿ, 20 ಡಿಗ್ರಿಗೆ ಆರಿಸಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಅಂಕಿ ಓದಿ. ಹೆಚ್ಚಾದರೆ ನೀರು, ಕಡಿಮೆಯಾದರೆ ಮಾಲ್ಟ್ ಪುಡಿ.

ಅಪ್ಪನವರಿಗೆ ಮೈಸೂರಿನಲ್ಲಿ ಮಾಡಿಕೊಡುವ ಆಸೆ ಬಿಟ್ಟುಬಿಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅವರನ್ನೇ ಮ್ಯಾಂಚೆಸ್ಟರಿಗೆ ಕರೆಸಿಕೊಳ್ಳಿ. ಅವರು ಬರುವ ಎರಡು ತಿಂಗಳು ಮುಂಚೆ ಮಾಲ್ಟ್ ಪುಡಿಯ ಆ 20 ಲೀಟರ್ ಹುದುಗಲಿಟ್ಟರೆ, ಬಾಟಲಿಯಲ್ಲಿ ಹದವಾಗಲು ಸಾಕಷ್ಟು ಸಮಯ ಸಿಗುತ್ತದೆ.