ಅಂಗಡಿ ತೆರೆಯುವ ಮುನ್ನ

ಸ್ವಂತ ಉದ್ಯಮಕ್ಕೆ ಕೈಹಾಕಲಿರುವ ಮಿತ್ರರೇ, ಬಂಡವಾಳವೊಂದಿದ್ದರೆ ಸಾಕೆಂಬ ಭ್ರಮೆಯನ್ನು ತೊರೆದು, 1982ರಲ್ಲಿ ಉಜಿರೆಯಲ್ಲಿ ಜನ್ಮತಾಳಿದ ರುಡ್‌ಸೆಟ್ ಸಂಸ್ಥೆಯಂತಹ ಕೇಂದ್ರದಲ್ಲಿ, ಊಟ ವಸತಿಗಳೊಡನೆ ಉಚಿತವಾಗಿ ದೊರೆಯುವ ತರಬೇತಿಯನ್ನು ಮೊದಲು ಪಡೆಯಿರೆಂದು ನನ್ನ ವಿನಂತಿ. ಆದರೆ ಲೆಕ್ಕ ಬರೆಯಲು ಕಲಿತಷ್ಟಕ್ಕೇ ತೃಪ್ತರಾಗಬೇಡಿರಿ. ಆಫ್ರಿಕಾದ ಟೋಗೋ ದೇಶದಲ್ಲಿ 1500 ಮಂದಿ ಕಿರು ಉದ್ಯಮಿಗಳ ನಡುವೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾನಾಗಿಯೇ ಮುಂದೊತ್ತಿ ಅವಕಾಶವನ್ನರಸುವ ಮನೋವೃತ್ತಿಯನ್ನು ಬೆಳೆಸಿದ ಶಿಕ್ಷಣವು ಲಾಭವನ್ನು ಶೇಕಡಾ 30ರಷ್ಟು ಹೆಚ್ಚಿಸಿತು. ಲೆಕ್ಕಪತ್ರ, ಮಾರಾಟಗಳ ರೂಢಿಯ ಪಾಠದಿಂದ ಅಂತಹ ನಿಶ್ಚಿತ ಫಲವು ಕಾಣಲಿಲ್ಲ. ಆದುದರಿಂದ, ಸೀರೆಗೆ ಫಾಲ್ ಹೊಲಿಯುವ ಹೆಣ್ಣುಮಗಳು ಗಿರಾಕಿಗಾಗಿ ಕಾದು ಕುಳಿತಿರದೆ, ತನ್ನ ದುಡಿಮೆಯ ಕೂಲಿಯನ್ನೂ ಸೇರಿಸಿ ದರ ಕಟ್ಟಿ, ಮದುವೆಯ ಜವಳಿ ಮಾರುವ ಅಂಗಡಿಗೇ ಹೋಗಿ ಕೆಲಸ ಕೇಳುವಂತೆ ಧೈರ್ಯ ತುಂಬಬಲ್ಲ ಗುರುವನ್ನೇ ಅರಸಿರಿ.