ಕವಾಟ ತೆರೆಯಿತೇ? ಒಂದು ಚಳಿಯ ರಾತ್ರಿಯ ಭೌತಶಾಸ್ತ್ರ ಪಾಠ



ಪರ್ಯಾಯ ವಿದ್ಯುತ್ ಪಾಠ ಮುಗಿದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಿ: "ಸರ್, ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ?" ಕಳೆದ ಜನವರಿಯಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗಳ ಮನೆಯಲ್ಲಿ ಆ ಪ್ರಶ್ನೆ ನನ್ನನ್ನೇ ಕೇಳಿತು. ಮನೆಯಲ್ಲಿ ಮೂರು ವಾರದ ಹಸುಗೂಸು. ಹೊರಗೆ ಹೆಪ್ಪುಗಟ್ಟುವ ಚಳಿ. ಸಂಜೆಯ ಹೊತ್ತಿಗೆ ರೇಡಿಯೇಟರ್‌ಗಳೆಲ್ಲ ತಣ್ಣಗಾಗಿದ್ದವು.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. ಅಲ್ಲಿಯ ಅನೇಕ ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ನೀರನ್ನು ಕಾಯಿಸುತ್ತದೆ, ಪಂಪ್ ಅದನ್ನು ಹರಿಸುತ್ತದೆ. ಕೊಳವೆ ಮುಂದೆ ಎರಡಾಗುತ್ತದೆ. ಒಂದು ಕೋಣೆಗಳ ರೇಡಿಯೇಟರ್‌ಗಳಿಗೆ, ಇನ್ನೊಂದು ನಲ್ಲಿಯ ಬಿಸಿನೀರಿನ ಸಿಲಿಂಡರ್‌ಗೆ. ಪ್ರತಿ ದಾರಿಗೂ ಒಂದೊಂದು ಮೋಟಾರು ಕವಾಟ ಕಾವಲುಗಾರನಂತೆ ಕುಳಿತಿರುತ್ತದೆ.

ಕವಾಟದ ತಲೆಯ ಮೇಲಿನ ಪುಟ್ಟ ಲೋಹದ ಡಬ್ಬಿಯೊಳಗೆ ಮೂರು ಭಾಗಗಳಿವೆ: 230 ವೋಲ್ಟ್‌ನ ಸಣ್ಣ ಸಿಂಕ್ರೊನಸ್ ಮೋಟಾರು, ಒಂದು ಸ್ಪ್ರಿಂಗ್, ಒಂದು ಮೈಕ್ರೊಸ್ವಿಚ್. ಕೋಣೆ ತಣ್ಣಗಾದಾಗ ಥರ್ಮೊಸ್ಟಾಟ್ ಕಂದು ತಂತಿಗೆ ವಿದ್ಯುತ್ ಕೊಡುತ್ತದೆ. ಮೋಟಾರು ಸ್ಪ್ರಿಂಗನ್ನು ಎಳೆದುಕೊಂಡೇ ಕವಾಟವನ್ನು ತೆರೆಯುತ್ತದೆ. ಪೂರ್ತಿ ತೆರೆದಾಗ ಮೈಕ್ರೊಸ್ವಿಚ್ ಒತ್ತಲ್ಪಟ್ಟು, ಬೂದು ತಂತಿಯ ವಿದ್ಯುತ್ ಕಿತ್ತಳೆ ತಂತಿಗೆ ಹೋಗುತ್ತದೆ. ಆಗ ಮಾತ್ರ ಬಾಯ್ಲರ್ ಮತ್ತು ಪಂಪ್ ಶುರುವಾಗುತ್ತವೆ. ಕರೆ ನಿಂತರೆ ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಕ್ಲಾಸ್ ಲೀಡರ್ ಹಾಜರಿ ಪುಸ್ತಕ ತಂದ ಮೇಲೆಯೇ ಪಾಠ ಆರಂಭವಾದ ಹಾಗೆ, 'ದಾರಿ ತೆರೆದಿದೆ' ಎಂಬ ವರದಿ ಬರುವವರೆಗೆ ಬಾಯ್ಲರ್ ಉರಿಯುವುದಿಲ್ಲ.

ಫೋನಿನಲ್ಲಿ ವಿಚಾರಿಸಿದಾಗ ಒಬ್ಬ ರಿಪೇರಿಯವರು, "ಬಾಯ್ಲರ್ ಹಳೆಯದು, ಬದಲಿಸುವುದೇ ಒಳ್ಳೆಯದು" ಎಂದರು. ಮಗಳ ಮುಖ ಬಾಡಿತು. ನಾನು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಬಿಸಿನೀರು ಬಂತು! ಸಿಲಿಂಡರ್‌ನ ಕರೆಗೆ ಬಾಯ್ಲರ್ ಉರಿಯುತ್ತಲೂ ಇತ್ತು. ಅಂದರೆ ಬಾಯ್ಲರ್, ಪಂಪ್ ಎರಡೂ ಸರಿ. ದೋಷ ಇರುವುದು ರೇಡಿಯೇಟರ್‌ನ ದಾರಿಯಲ್ಲಿ ಮಾತ್ರ. ಒಂದೇ ಪರೀಕ್ಷೆಯಿಂದ ಹುಡುಕಾಟದ ಅರ್ಧ ಭಾಗ ಮುಗಿಯಿತು.

ಮುಂದೆ ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

1. ಕೇಳು: ಥರ್ಮೊಸ್ಟಾಟನ್ನು ಏರಿಸಿದೆ. 'ಟಿಕ್' ಎಂದಿತು. ಆದರೆ ಕವಾಟದಿಂದ ಮೋಟಾರಿನ ಸಣ್ಣ ಗುಂಯ್‌ಗುಡುವಿಕೆ ಕೇಳಲಿಲ್ಲ.

2. ಮುಟ್ಟಿ ನೋಡು: ಡಬ್ಬಿಯ ಪಕ್ಕದಲ್ಲಿ ಕೈಯಿಂದ ಸರಿಸುವ ಸನ್ನೆ ಇದೆ. ಮೋಟಾರು ಕವಾಟವನ್ನು ತೆರೆದಿದ್ದರೆ ಅದು ಸಡಿಲವಾಗಿರುತ್ತದೆ. ತೆರೆಯದಿದ್ದರೆ ಸ್ಪ್ರಿಂಗಿನ ಬಿಗಿ ಕೈಗೆ ತಿಳಿಯುತ್ತದೆ. ಬಿಸಿನೀರಿನ ಕವಾಟದ ಸನ್ನೆ ಸಡಿಲ, ರೇಡಿಯೇಟರ್‌ನದು ಬಿಗಿ. ಪಕ್ಕದಲ್ಲೇ ಸರಿಯಾದ ಕವಾಟವಿದ್ದುದರಿಂದ ಹೋಲಿಸಿ ನೋಡುವುದು ಸುಲಭವಾಯಿತು.

3. ದಾರಿ ಬಿಡು: ಬಾಯ್ಲರ್ ಬಿಸಿನೀರಿಗಾಗಿ ಉರಿಯುತ್ತಿರುವಾಗಲೇ ಬಿಗಿಯಾದ ಸನ್ನೆಯನ್ನು ಸರಿಸಿ, ಕೊಂಡಿಗೆ ಸಿಕ್ಕಿಸಿದೆ. ಕೆಲವೇ ನಿಮಿಷಗಳಲ್ಲಿ ರೇಡಿಯೇಟರ್ ಬೆಚ್ಚಗಾಯಿತು. ಅಂದರೆ ಕವಾಟ ಜಾಮ್ ಆಗಿಲ್ಲ, ಕೊಳವೆ ಕಟ್ಟಿಲ್ಲ. ಉಳಿದ ಸಂಶಯ ಎರಡೇ: ಮೋಟಾರು ಸುಟ್ಟಿದೆ, ಇಲ್ಲವೇ ಅದಕ್ಕೆ ವಿದ್ಯುತ್ ತಲುಪುತ್ತಿಲ್ಲ.

ಆ ರಾತ್ರಿ ಮಗು ಬೆಚ್ಚಗೆ ಮಲಗಿತು. ಆದರೆ ಇದು ತಾತ್ಕಾಲಿಕ ಉಪಾಯ. ಸಿಲಿಂಡರ್ ಸಾಕಷ್ಟು ಬಿಸಿಯಾದ ಕೂಡಲೇ ಬಾಯ್ಲರ್ ನಿಲ್ಲುತ್ತಿತ್ತು. ಮತ್ತೆ ಉರಿಯಬೇಕಾದರೆ ಬಿಸಿನೀರು ಬಳಸಬೇಕು. ನಡುರಾತ್ರಿ ನಾವು ಪಾತ್ರೆ ತೊಳೆದದ್ದೂ ಉಂಟು!

ಇನ್ನು ನನ್ನ ತಪ್ಪನ್ನೂ ಹೇಳಬೇಕು. ಟೈಮರ್ ಆಫ್ ಮಾಡಿ, ಸ್ಕ್ರೂಡ್ರೈವರ್ ಹಿಡಿದು ಡಬ್ಬಿಯ ಮುಚ್ಚಳ ತೆಗೆಯಲು ಹೋದೆ. ಮಗಳು ಕೈ ಹಿಡಿದಳು. "ಅಪ್ಪಾ, ಗೋಡೆಯ ಮುಖ್ಯ ಸ್ವಿಚ್ ಆಫ್ ಮಾಡಿಲ್ಲ." ಟೈಮರ್ ಆಫ್ ಆದರೆ ಕಂದು ತಂತಿ ಸತ್ತಿರಬಹುದು. ಬೂದು ತಂತಿಯಲ್ಲಿ ಮಾತ್ರ ಸದಾ 230 ವೋಲ್ಟ್ ಇರುತ್ತದೆ. ವರ್ಷಗಟ್ಟಲೆ ಇದನ್ನೇ ಪಾಠ ಹೇಳಿದವನು ಅವಸರದಲ್ಲಿ ಮರೆತಿದ್ದೆ. ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಮರುದಿನ ಬಂದ ಎಲೆಕ್ಟ್ರಿಷಿಯನ್ ಮಲ್ಟಿಮೀಟರಿನಿಂದ ಅಳೆದರು. ಥರ್ಮೊಸ್ಟಾಟ್ ಕರೆದಾಗ ಕಂದು ತಂತಿಯಲ್ಲಿ ವಿದ್ಯುತ್ ಇತ್ತು. ಮುಖ್ಯ ಸ್ವಿಚ್ ಆಫ್ ಮಾಡಿ, ಮೋಟಾರನ್ನು ಬೇರ್ಪಡಿಸಿ ಅದರ ರೋಧ ಅಳೆದಾಗ ಸುರುಳಿ ತುಂಡಾಗಿರುವುದು ಖಚಿತವಾಯಿತು. ಮೋಟಾರನ್ನಷ್ಟೇ ಬದಲಿಸಿದರು. ಅದು ನೀರಿಗೆ ತಾಗುವುದಿಲ್ಲವಾದ್ದರಿಂದ ಕೊಳವೆಯ ನೀರನ್ನು ಖಾಲಿ ಮಾಡಬೇಕಾಗಲಿಲ್ಲ. ಬಾಯ್ಲರ್ ಇನ್ನೂ ಅದೇ ಇದೆ. ಅಂದಹಾಗೆ, ಬಾಯ್ಲರಿನ ಗ್ಯಾಸ್ ಭಾಗವನ್ನು ಅಲ್ಲಿ 'ಗ್ಯಾಸ್ ಸೇಫ್' ನೋಂದಣಿ ಇರುವವರೇ ರಿಪೇರಿ ಮಾಡಬೇಕು.

ಲಕ್ಷಣಗಳನ್ನು ಹೀಗೆ ನೆನಪಿಡಿ:

• ಕರೆ ಇದೆ, ಸನ್ನೆ ಬಿಗಿ: ಮೋಟಾರು ಅಥವಾ ಅದರ ವಿದ್ಯುತ್ ಪೂರೈಕೆ.
• ಸನ್ನೆ ಸಡಿಲ, ಆದರೂ ಬಾಯ್ಲರ್ ಉರಿಯುತ್ತಿಲ್ಲ: ಮೊದಲ ಸಂಶಯ ಮೈಕ್ರೊಸ್ವಿಚ್.
• ಕರೆ ನಿಂತರೂ ಬಾಯ್ಲರ್ ಉರಿಯುತ್ತಲೇ ಇದೆ: ಮೈಕ್ರೊಸ್ವಿಚ್ ಅಂಟಿಕೊಂಡಿರಬಹುದು, ಇಲ್ಲವೇ ಕವಾಟ ತೆರೆದೇ ನಿಂತಿರಬಹುದು.
• ಬಿಸಿನೀರು ಮಾತ್ರ ಕೇಳಿದರೂ ರೇಡಿಯೇಟರ್ ಕಾಯುತ್ತಿದೆ: ಕವಾಟ ಪೂರ್ತಿ ಮುಚ್ಚುತ್ತಿಲ್ಲ.

ನಮ್ಮೂರಿನಲ್ಲಿ ರೇಡಿಯೇಟರ್ ಇಲ್ಲ, ನಿಜ. ಆದರೆ ಮನೆಯ ನೀರಿನ ಪಂಪ್ ಕೆಟ್ಟಾಗಲೂ ದಾರಿ ಇದೇ: ಯಾವುದು ಸರಿ ಇದೆ ಎಂದು ಮೊದಲು ಕಂಡುಕೊಳ್ಳಿ, ಸಂಶಯವನ್ನು ಅರ್ಧರ್ಧ ಕಡಿಮೆ ಮಾಡುತ್ತ ಬನ್ನಿ, ಬಿಚ್ಚುವ ಮೊದಲು ಮುಖ್ಯ ಸ್ವಿಚ್ ಆಫ್ ಮಾಡಿ.

ಕೊನೆಗೊಂದು ಪ್ರಶ್ನೆ. ಸನ್ನೆ ಸಡಿಲವಾಗಿದೆ, ಬಾಯ್ಲರ್ ಉರಿಯುತ್ತಿಲ್ಲ. ಮಲ್ಟಿಮೀಟರಿನಿಂದ ಯಾವ ಎರಡು ತಂತಿಗಳನ್ನು ಪರೀಕ್ಷಿಸುವಿರಿ, ಏಕೆ? ಉತ್ತರ ಸಿಕ್ಕವರು ಪ್ರಯೋಗಾಲಯಕ್ಕೆ ಬನ್ನಿ. ಆ ಸುಟ್ಟ ಮೋಟಾರನ್ನು ನಿಮಗಾಗಿಯೇ ತಂದಿಟ್ಟಿದ್ದೇನೆ.